ಎಮ್ಮೆ ಪುಸ್ತಕದ ಸರ್

ಸರ್ ತೀರಿಕೊಂಡರೆಂದು ಅವರ ಮಗಳು ಫೋನಿನಲ್ಲಿ ಹೇಳಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು, ಇನ್ನು ಅವರು ನನ್ನನ್ನು ಆ ಪ್ರಶ್ನೆ ಕೇಳುವುದಿಲ್ಲ ಎಂಬ ಮಾತು. ದುಃಖ ಬಂದದ್ದು ಆಮೇಲೆ, ಜನಕಪುರಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ. ಹೀಗೆ ಬರೆಯಲು ನಾಚಿಕೆಯಾಗುತ್ತದೆ. ಆದರೆ ನಾಲ್ಕು ವರ್ಷ ಅವರ ಫೋನ್ ಬಂದಾಗಲೆಲ್ಲ ನನ್ನ ಅಂಗೈ ಬೆವರಿದೆ. ನನ್ನ ಕೈಯಿಂದ ಒಂದು ಪುಸ್ತಕ ಹೋಯಿತು, ಆ ಪುಸ್ತಕದ ಜೊತೆ ಒಂದು ಊರಿನ ಗೋಮಾಳ ಹೋಯಿತು, ಅದರ ಬಗ್ಗೆ ನಾನು ಅವರಿಗೆ ಸುಳ್ಳು ಹೇಳಿದ್ದೆ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸ್ವಲ್ಪ ಸುಲಭ.

ಅವರ ಹೆಸರನ್ನು ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲಿಯಾದರೂ ಅಚ್ಚಾದರೆ ನಾಳೆ ಅದಕ್ಕೆ ಯಾರು ಜವಾಬ್ದಾರಿ ಎಂದು ಕೇಳುವ ಪೈಕಿ ಅವರು. ಕೇಂದ್ರ ಸರ್ಕಾರದ ಒಂದು ಇಲಾಖೆಯ ರೆಕಾರ್ಡ್ ರೂಮಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕೂತು ನಿವೃತ್ತರಾಗಿದ್ದರು. ಚಿತ್ರದುರ್ಗದ ಕಡೆಯವರು. ನನ್ನ ಅಪ್ಪನೂ ಕೇಂದ್ರ ಸರ್ಕಾರದ ಗುಮಾಸ್ತರೇ. ನಾನು ಹತ್ತನೇ ತರಗತಿ ಮುಗಿಸಿದ ವರ್ಷ ಮೈಸೂರಿನಿಂದ ದೆಹಲಿಗೆ ವರ್ಗವಾಗಿ ಬಂದು ಆರ್.ಕೆ. ಪುರಂನ ಕ್ವಾರ್ಟರ್ಸಿನಲ್ಲಿದ್ದೆವು. ಎಂ.ಎ. ಮೊದಲ ವರ್ಷ ಮುಗಿದ ಬೇಸಿಗೆಯಲ್ಲಿ, ಗುಡಗಾಂವಿನ ಒಂದು ಸಣ್ಣ ಟ್ರಸ್ಟಿನಲ್ಲಿ ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಇದೆ, ನಮ್ಮವರೇ ಒಬ್ಬರು ಅದನ್ನು ನೋಡಿಕೊಳ್ಳುತ್ತಾರೆ ಎಂದು ಅಪ್ಪ ಕಳಿಸಿದರು. ಸುತ್ತಲ ಹಳ್ಳಿಗಳ ದನಗಾಹಿಗಳ ಚರಿತ್ರೆಯನ್ನು ಕಂಪ್ಯೂಟರಿಗೆ ಏರಿಸುವುದು ಕೆಲಸ: ಹಳೇ ಫೋಟೊ, ಜಾತ್ರೆಯಲ್ಲಿ ದನ ಕೊಂಡ ಚೀಟಿ, ಕಿವಿಯ ಮೇಲೆ ಹಾಕುತ್ತಿದ್ದ ಗುರುತುಗಳು, ಎಮ್ಮೆ ಕರೆಯುವಾಗ ಹೇಳುವ ಹಾಡು. ಅಪ್ಪನ ಸ್ನೇಹಿತರು ಮನೆಗೆ ಬಂದಾಗಲೆಲ್ಲ, ಹುಡುಗಿ ಎಮ್ಮೆ ಫೋಟೊ ತೆಗೆಯಲಿಕ್ಕೆ ಎಂ.ಎ. ಓದುತ್ತಿದ್ದಾಳೆ ಎಂದು ಕಾಲೆಳೆಯುತ್ತಿದ್ದರು. ನನಗೂ ಒಳಗೊಳಗೆ ಹಾಗೇ ಅನ್ನಿಸುತ್ತಿತ್ತು.

ಟ್ರಸ್ಟ್ ಇದ್ದದ್ದು ಹಳೇ ಗುಡಗಾಂವಿನ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಮೆಟ್ರೊ ಇನ್ನೂ ಅಲ್ಲಿಗೆ ಬಂದಿರಲಿಲ್ಲ. ಲಿಫ್ಟ್ ಇತ್ತು, ಸರ್ ಹತ್ತುತ್ತಿರಲಿಲ್ಲ. ಕರೆಂಟು ಹೋದರೆ ಒಳಗೆ ಸಿಕ್ಕಿಕೊಂಡವರ ಗತಿ ಏನು ಎನ್ನುತ್ತ ಮೆಟ್ಟಿಲಿನಲ್ಲೇ ಬಂದು, ಬಾಗಿಲಲ್ಲಿ ನಿಂತು ಉಸಿರು ಸುಧಾರಿಸಿಕೊಂಡು, ಕೈ ತೊಳೆದು, ಆ ಕೈ ಪೂರ್ತಿ ಒಣಗುವ ತನಕ ಎದೆಯ ಮುಂದೆ ಹಿಡಿದುಕೊಂಡು ಕಾಯುತ್ತಿದ್ದರು. ಆಮೇಲೆಯೇ ಕಾಗದ ಮುಟ್ಟುವುದು. ಪುಟ ತಿರುಗಿಸುವಾಗ ಉಸಿರು ಬಿಗಿ ಹಿಡಿಯುತ್ತಿದ್ದರು. ಕಾಗದವಿದ್ದ ಮೇಜಿನ ಆಸುಪಾಸಿಗೆ ಚಹಾದ ಲೋಟ ಬರಕೂಡದು, ಟೇಬಲ್ ಫ್ಯಾನು ತಿರುಗಕೂಡದು. ಜೂನ್ ತಿಂಗಳ ಝಳದಲ್ಲಿ ನಾವು ಮೂವರು ವಿದ್ಯಾರ್ಥಿಗಳು ಬೇಯುತ್ತಿದ್ದೆವು. ತಮ್ಮ ಕಂಪ್ಯೂಟರಿನ ಡಿಲೀಟ್ ಬಟನ್ನಿನ ಮೇಲೆ ರಟ್ಟಿನ ಸಣ್ಣ ಮುಚ್ಚಳ ಮಾಡಿ ಕೂರಿಸಿದ್ದರು. ಬೀಗ ಹಾಕಿ ಎರಡು ಮಹಡಿ ಇಳಿದು, ಮತ್ತೆ ಹತ್ತಿ ಹೋಗಿ ಬೀಗ ಜಗ್ಗಿ ನೋಡಿ ಬರುತ್ತಿದ್ದರು. ಹೆದ್ದಾರಿ ದಾಟುವಾಗಂತೂ ನಮ್ಮ ಪೈಕಿ ಯಾರು ಹತ್ತಿರವಿದ್ದರೆ ಅವರ ಮಣಿಕಟ್ಟು ಹಿಡಿದುಕೊಂಡುಬಿಡುವರು, ಬೆರಳಚ್ಚು ಮೂಡುವ ಹಾಗೆ.

ನಾವು ನಕ್ಕರೆ ಅವರೂ ನಗುತ್ತಿದ್ದರು. "ಭಯ ಇರ್ಬೇಕಮ್ಮ. ಭಯ ಇದ್ರೇನೇ ಕಾಗದ ಉಳಿಯೋದು," ಎಂದು ದಿನಕ್ಕೊಮ್ಮೆಯಾದರೂ ಹೇಳುವರು. ಇಪ್ಪತ್ತೆರಡು ವರ್ಷದ ನನ್ನನ್ನೂ ಅವರು ನೀವು ಎಂದೇ ಮಾತಾಡಿಸಿದ್ದು. ಕಸ ಗುಡಿಸಲು ಬರುವವಳಿಗೂ ಆಪ್, ಲಿಫ್ಟಿನ ಹತ್ತಿರ ಮಲಗುತ್ತಿದ್ದ ನಾಯಿಗೂ ಆಪ್ ಎನ್ನುತ್ತಾರೆಂದು ನಾವು ಆಡಿಕೊಳ್ಳುತ್ತಿದ್ದೆವು. ಅವರ ಬಟ್ಟೆಯ ಚೀಲದಲ್ಲಿ ಅವಲಕ್ಕಿಯ ಡಬ್ಬಿ, ಒಂದು ಮೆತ್ತನೆ ಬ್ರಷ್ಷು, ಹತ್ತಿಯ ಪಟ್ಟಿ, ಇನ್ನೊಂದು ಸಣ್ಣ ಡಬ್ಬಿಯಲ್ಲಿ ಮೈದಾ ಅಂಟು ಇರುತ್ತಿದ್ದವು. ಅಂಟನ್ನು ಮನೆಯಲ್ಲಿ ತಾವೇ ಕುದಿಸಿ ತರುತ್ತಿದ್ದರು. ಅಂಗಡಿಯ ಗೋಂದು, ಸೆಲೋಟೇಪು ಕಂಡರೆ ಹಾವು ಕಂಡವರ ಹಾಗೆ ಹಿಂದೆ ಸರಿಯುವರು. ಅಂಟಿಸುವವರು ತಪ್ಪು ಮಾಡಿರಬಹುದು, ಮುಂದೆ ಬರುವವರು ಅದನ್ನು ತಿದ್ದಬೇಕಾಗಬಹುದು, ಆದ್ದರಿಂದ ಏನನ್ನೇ ಅಂಟಿಸಿದರೂ ನೀರು ಕಂಡರೆ ಬಿಡುವ ಹಾಗೆ ಅಂಟಿಸಬೇಕು ಎಂಬುದು ಅವರು ನಮಗೆ ಕಲಿಸಿದ ಮೊದಲ ಪಾಠ.

ಎರಡನೆಯ ಪಾಠ, ಮೂಲ ಕಾಗದ ಅದರ ಮನೆ ಬಿಟ್ಟು ಹೊರಗೆ ಬರಕೂಡದು. ಕ್ಯಾಮೆರಾ ನಾವು ಹೊತ್ತುಕೊಂಡು ಹೋಗಬೇಕು, ಮನೆಯವರ ಕಣ್ಣೆದುರು, ಅವರ ಅಂಗಳದಲ್ಲಿ ಫೋಟೊ ತೆಗೆಯಬೇಕು, ಯಾವ ದಾರದಿಂದ ಕಟ್ಟಿತ್ತೋ ಅದೇ ದಾರದಿಂದ ಅದೇ ಗಂಟು ಹಾಕಿ ಹಿಂದಕ್ಕೆ ಕೊಡಬೇಕು. ಅನಿವಾರ್ಯವಾಗಿ ತರಬೇಕಾದರೆ ಯಜಮಾನರ ಸಹಿಯ ರಸೀದಿ ಬೇಕು. ತಂದದ್ದನ್ನೆಲ್ಲ ಅವರು ಆವಕ ರಿಜಿಸ್ಟರಿನಲ್ಲಿ ಬರೆಯುವರು. ಎಲ್ಲ ಕಾಲಮ್ಮುಗಳೂ ಇಂಗ್ಲಿಷಿನಲ್ಲಿ, ಕೊನೆಯ ಷರಾ ಕಾಲಮ್ಮು ಮಾತ್ರ ಕನ್ನಡದಲ್ಲಿ. ಅದು ಯಾಕೆ ಎಂದು ಕೇಳಿದರೆ, ಷರಾ ಎಂಬುದು ತಮಗೆ ತಾವೇ ಹೇಳಿಕೊಳ್ಳುವ ಮಾತು ಎಂದಿದ್ದರು.

ನನ್ನ ಪಾಲಿಗೆ ಬಂದದ್ದು ಮಾನೇಸರ್ ಆಚೆಯ ಒಂದು ಹಳ್ಳಿ. ಒಂದು ಕಡೆ ಕಾರ್ಖಾನೆಯ ಗೋಡೆ ಊರಿನ ತನಕ ಬಂದು ನಿಂತಿತ್ತು. ಇನ್ನೊಂದು ಕಡೆ ಕೆರೆ, ಕೆರೆಯ ಹಿಂದೆ ಜಾಲಿಮರಗಳ ದೊಡ್ಡ ಬಯಲು. ಅಲ್ಲಿಯ ಒಂದು ಮನೆಯ ಅಜ್ಜಿಯ ಹತ್ತಿರ ಅವಳ ಮಾವ ಬರೆದಿಟ್ಟ ಪುಸ್ತಕವಿತ್ತು. ಒಂದೊಂದು ಪುಟದಲ್ಲಿ ಒಂದೊಂದು ಎಮ್ಮೆ. ಮೇಲೆ ಅದರ ಕೊಂಬಿನ ಚಿತ್ರ, ಕೆಳಗೆ ಅದರ ಹೆಸರು, ತಾಯಿಯ ಹೆಸರು, ಎಲ್ಲಿ ಈದಿತು, ಆ ಹೊತ್ತಿಗೆ ಬಯಲಲ್ಲಿ ಯಾರು ಯಾರ ಮನೆಯ ದನ ಮೇಯುತ್ತಿದ್ದವು ಎಂಬ ವಿವರ. ಭೂರಿ, ಚಾಂದ್ನಿಯ ಮಗಳು, ಕೆರೆ ಹಿಂದಿನ ಮೂರನೇ ಜಾಲಿಯ ಕೆಳಗೆ ಈದಿತು, ಹೀಗೆ. ಅಜ್ಜಿಗೆ ಓದು ಬಾರದು. ಕೊಂಬು ನೋಡಿ ಎಮ್ಮೆಯ ಹೆಸರು ಹೇಳುತ್ತಿದ್ದಳು, ಒಂದೂ ತಪ್ಪುತ್ತಿರಲಿಲ್ಲ. ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಕರು ಕಟ್ಟುವ ತೆಳು ಹಗ್ಗದಿಂದ ಬಿಗಿದಿಟ್ಟಿದ್ದಳು.

ಮೊದಲ ದಿನ ಸರ್ ನನ್ನ ಜೊತೆ ಬಂದರು. ಆ ಹಗ್ಗದ ಗಂಟನ್ನು ಬಿಚ್ಚುವ ಮೊದಲು ಅದು ಹೇಗಿದೆಯೆಂದು ಕಾಗದದ ಮೇಲೆ ಚಿತ್ರ ಬರೆದುಕೊಂಡರು. ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಸಂಜೆ ಅವರು ಅದೇ ಗಂಟು ಹಾಕಿ ಎರಡೂ ಕೈಯಲ್ಲಿ ಪುಸ್ತಕ ಹಿಂದಕ್ಕೆ ಕೊಟ್ಟಾಗ ನಗು ನಿಲ್ಲಿಸಿ, ನಿಮ್ಮ ಮನೆಯಲ್ಲಿ ದನ ಇದ್ದವೇ ಎಂದು ಕೇಳಿದಳು. ಇದ್ದವು ತಾಯಿ, ನಾನು ದೆಹಲಿಗೆ ಬರುವ ತನಕ ಇದ್ದವು ಎಂದು ಸರ್ ತಮ್ಮ ಆಫೀಸು ಹಿಂದಿಯಲ್ಲಿ ಹೇಳಿದರು. ಆ ಬಯಲಿಗೆ ಇಲ್ಲಿ ಗೌಚರ್ ಅಂತಾರೆ, ನಮ್ಮ ಗೋಮಾಳವೇ ಅದು ಎಂದು ದಾರಿಯುದ್ದಕ್ಕೂ ಹಿಗ್ಗಿನಿಂದ ನನಗೆ ಹೇಳುತ್ತ ಬಂದರು.

ಮುಂದಿನ ಎರಡು ಸಲ ನಾನೊಬ್ಬಳೇ ಹೋದೆ. ಕರೆಂಟು ಇದ್ದಷ್ಟು ಹೊತ್ತು ಫೋಟೊ, ಇಲ್ಲದಾಗ ಅಜ್ಜಿಯ ಮಾತು. ಎಮ್ಮೆ ಕರೆಯುತ್ತ ಅವಳು ಹೇಳಿದ್ದು ಇಷ್ಟು. ಆ ಬಯಲು ಊರಿನದಲ್ಲ, ನಾಲ್ಕು ಮನೆತನಗಳ ಸ್ವಂತದ್ದು ಎಂದು ಈಗ ಯಾರೋ ಕಾಗದ ಮಾಡಿಸಿದ್ದಾರೆ. ಸ್ವಂತದ್ದಾದರೆ ಮಾರಬಹುದು, ಊರಿನದಾದರೆ ಮಾರಲಾಗುವುದಿಲ್ಲ. ಮಳೆಗಾಲ ಮುಗಿಯುವಾಗ ತಹಸೀಲಿನಲ್ಲಿ ವಿಚಾರಣೆ. ಎಲ್ಲ ಜಾತಿಯವರ, ಎಲ್ಲ ಮನೆಗಳ ದನ ಅಲ್ಲಿ ಮೇಯುತ್ತಿದ್ದವು ಎಂದು ಬರೆದಿರುವುದು ಇಡೀ ಊರಿನಲ್ಲಿ ಈ ಪುಸ್ತಕವೊಂದರಲ್ಲೇ. ಆ ನಾಲ್ಕು ಮನೆತನಗಳಲ್ಲಿ ಒಂದು ಅವಳದೇ. ಅವಳ ಮಗನೇ ಮಾರುವವರ ಮುಂದಾಳು. ಪುಸ್ತಕ ಎಲ್ಲಿದೆ ಎಂದು ಅವನು ಹುಡುಕುತ್ತಿದ್ದಾನೆ, ಮೇವಿನ ಕೋಣೆಯಲ್ಲಿ ಜಾಗ ಬದಲಿಸಿ ಬದಲಿಸಿ ಇಡುತ್ತಿದ್ದೇನೆ ಎಂದಳು.

ವಿಚಾರಣೆಯ ವಿಷಯ ಸರ್‌ಗೆ ಗೊತ್ತಿತ್ತು. ಮಗನ ವಿಷಯ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. ಹೇಳಿದರೆ ಹೆದರಿ ಆ ಹಳ್ಳಿಯ ಕೆಲಸವನ್ನೇ ನಿಲ್ಲಿಸಿಬಿಡುತ್ತಾರೆ, ನನ್ನ ವರದಿ ಅರ್ಧಕ್ಕೆ ನಿಲ್ಲುತ್ತದೆ ಎಂದು ನನ್ನ ಲೆಕ್ಕ.

ಮೂರನೆಯ ಸಲ ಹೋದ ದಿನ, ಹೆದ್ದಾರಿಯಲ್ಲಿ ಇಳಿದು ಊರಿನ ದಾರಿ ಹಿಡಿದಾಗ ಒಂದು ಬಿಳಿ ಜೀಪು ಹಿಂದಿನಿಂದ ಬಂದು ನನ್ನ ನಡಿಗೆಯ ವೇಗದಲ್ಲೇ ಪಕ್ಕದಲ್ಲಿ ಚಲಿಸತೊಡಗಿತು. ಒಳಗಿದ್ದವನು ಮೀಸೆಯ, ಅಪ್ಪನ ವಯಸ್ಸಿನ ಮನುಷ್ಯ. ಬಹಳ ಮೃದುವಾಗಿ ಎಲ್ಲಿಂದ ಬರುತ್ತೀ ಬೇಟಿ ಎಂದು ಕೇಳಿದ. ಯೋಚಿಸದೆ ನಿಜವನ್ನೇ ಹೇಳಿಬಿಟ್ಟೆ, ಆರ್.ಕೆ. ಪುರಂ ಎಂದು. ಸೆಕ್ಟರ್ ಎಷ್ಟು ಎಂದ. ಅದನ್ನೂ ಹೇಳಿದೆ. "ಇಷ್ಟು ದೂರ ಒಬ್ಬಳೇ ಬರ್ತೀಯ. ರಸ್ತೆ ಒಳ್ಳೇದಲ್ಲ ಬೇಟಿ," ಎಂದು ಜೀಪು ಮುಂದೆ ಹೋಯಿತು. ಬೈಗುಳವಲ್ಲ, ಗದರಿಕೆಯಲ್ಲ. ಆದರೂ ಅಜ್ಜಿಯ ಅಂಗಳ ಸೇರುವ ತನಕ ಹಿಂದೆ ತಿರುಗಿ ತಿರುಗಿ ನೋಡುತ್ತ ನಡೆದೆ.

ಆ ದಿನ ಕರೆಂಟು ಬರಲೇ ಇಲ್ಲ, ಕ್ಯಾಮೆರಾ ಜೋಡಿಸಿದ್ದ ಲ್ಯಾಪ್‌ಟಾಪಿನ ಬ್ಯಾಟರಿ ಹನ್ನೊಂದಕ್ಕೇ ಸತ್ತಿತು. ನಲವತ್ತೊಂದು ಪುಟ ಆಗಿತ್ತು, ಇನ್ನೂ ಎಪ್ಪತ್ತೊಂದು ಇತ್ತು. ಮತ್ತೆ ಆ ರಸ್ತೆಯಲ್ಲಿ ನಡೆಯಲು ನನ್ನಿಂದ ಸಾಧ್ಯವಿರಲಿಲ್ಲ. ಪುಸ್ತಕವನ್ನು ನಾನು ತೆಗೆದುಕೊಂಡು ಹೋಗಲೇ ಎಂದು ಅಜ್ಜಿಯನ್ನು ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಎಲ್ಲಿಡುತ್ತೀ ಎಂದಳು. ಆಫೀಸಿನ ಕಬ್ಬಿಣದ ಬೀರುವಿನಲ್ಲಿ ಎಂದೆ. ಬೀಗದ ಕೈ ಯಾರ ಹತ್ತಿರ ಎಂದಳು. ಸರ್ ಹತ್ತಿರ, ಒಂದೇ ಬೀಗದ ಕೈ ಎಂದೆ. ಗಂಟಿನ ಚಿತ್ರ ಬರೆದುಕೊಂಡವರೇ ಎಂದು ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಹಗ್ಗ ಬಿಚ್ಚಿ ತನ್ನ ಅಂಗೈಗೆ ಸುತ್ತಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಪುಸ್ತಕದ ಬೆನ್ನನ್ನು ಒಮ್ಮೆ ಸವರಿ, ಬಟ್ಟೆ ಸುತ್ತಿ ನನ್ನ ಮಡಿಲಿಗೆ ಇಟ್ಟಳು. ಹಗ್ಗ ಕೊಡಿ ಎನ್ನಬೇಕೆಂದಿದ್ದೆ; ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಮೋಟಾರ್ ಬೈಕಿನ ಸದ್ದಾಯಿತು. ಅಜ್ಜಿ ಹೋಗು ಎಂದು ಕೈಯಾಡಿಸಿದಳು. ಪುಸ್ತಕವನ್ನು ಬ್ಯಾಗಿಗೆ ತುರುಕಿ ಹಿಂದಿನ ಬಾಗಿಲಿಂದ ಓಡಿದೆ. ರಸೀದಿಯ ನೆನಪಾದದ್ದು ಬಸ್ಸಿನಲ್ಲಿ.

ಮಧ್ಯಾಹ್ನ ಆಫೀಸಿನಲ್ಲಿ ಪುಸ್ತಕವನ್ನು ಮೇಜಿನ ಮೇಲಿಟ್ಟಾಗ ಸರ್ ಅವಲಕ್ಕಿ ತಿನ್ನುತ್ತಿದ್ದರು. ಚಮಚ ಅಲ್ಲೇ ನಿಂತಿತು.

"ಏನು ಮಾಡ್ದೆ ನೀನು?" ಎಂದರು.

ಅವರು ನನ್ನನ್ನು ನೀನು ಎಂದದ್ದು ಅದೊಂದೇ ಸಲ. ಆ ಒಂದು ಪದಕ್ಕೆ ನಾನು ಜೀಪಿಗಿಂತ ಹೆಚ್ಚು ಹೆದರಿದೆ. ಹೆದರಿದ್ದಕ್ಕೇ ಸುಳ್ಳು ಹೇಳಿದೆ. ಎರಡು ದಿನಕ್ಕೆ ಎಂದು ಕೇಳಿ ತಂದೆ ಸರ್, ಅವರು ಒಪ್ಪಿದರು, ರಸೀದಿ ಮಾತ್ರ ಮರೆತೆ ಎಂದೆ. ಅವರು ಕೈ ತೊಳೆದು ಬಂದರು, ಒಣಗಿಸಿಕೊಂಡರು, ರಿಜಿಸ್ಟರ್ ತೆಗೆದರು. ಪುಸ್ತಕ ಒಂದು, ಬಟ್ಟೆ ಒಂದು ಎಂದು ಬರೆದು ತಲೆಯೆತ್ತಿದರು.

"ಹಗ್ಗ ಎಲ್ಲಮ್ಮ?"

ಅಜ್ಜಿ ಅದನ್ನು ಬೇಕೆಂದೇ ಇಟ್ಟುಕೊಂಡಳು ಎಂದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ಮಗನ ವಿಷಯ ಬರುತ್ತದೆ, ಹಿಂದಿನ ಬಾಗಿಲ ವಿಷಯ ಬರುತ್ತದೆ. ಅಂಗಳದಲ್ಲೇ ಬಿದ್ದುಹೋಗಿರಬೇಕು ಸರ್ ಎಂದೆ. ಅವರು ನನ್ನನ್ನು ನೋಡಿದರು. ಷರಾ ಕಾಲಮ್ಮಿನಲ್ಲಿ ಏನೂ ಬರೆಯದೆ ಪೆನ್ನು ಮುಚ್ಚಿದರು. ಹಾಗಾದರೆ ಇವತ್ತೇ ವಾಪಸ್ಸು ಕೊಟ್ಟು ಬರೋಣ ಎಂದರು.

ಒಂದು ಗಂಟೆ ಕೊಡಿ, ಉಳಿದ ಪುಟಗಳ ಫೋಟೊ ತೆಗೆದುಬಿಡುತ್ತೇನೆ ಎಂದು ಬೇಡಿಕೊಂಡೆ. ಕೈಯಲ್ಲಿ ಕ್ಯಾಮೆರಾ ಇತ್ತು, ಆಫೀಸಿನಲ್ಲಿ ಕರೆಂಟೂ ಇತ್ತು. ಅವರು ತಲೆಯಾಡಿಸಿದರು. "ರಸೀದಿ ಇಲ್ಲದ ವಸ್ತು ಕಳ್ಳಮಾಲು. ಅದರ ಫೋಟೊನೂ ಕಳ್ಳಮಾಲೇ." ಇದು ರೆಕಾರ್ಡ್ ರೂಮಿನಲ್ಲಿ ಬದುಕು ಸವೆಸಿದವರು ಮಾತ್ರ ಮಾಡಬಹುದಾದ ತಪ್ಪು. ಬೇರೆ ಯಾರಾಗಿದ್ದರೂ ಮೊದಲು ಫೋಟೊ ತೆಗೆಸಿ, ಆಮೇಲೆ ಬೈಯುತ್ತಿದ್ದರು.

ಹೆದ್ದಾರಿ ದಾಟುವಾಗ ಎಂದಿನಂತೆ ನನ್ನ ಮಣಿಕಟ್ಟು ಹಿಡಿದರು. ಇನ್ನೊಂದು ಕೈಯಲ್ಲಿ ಪುಸ್ತಕದ ಚೀಲವನ್ನು ಎದೆಗೆ ಅವಚಿಕೊಂಡಿದ್ದರು. ಅಜ್ಜಿಯ ಮನೆಯ ಮುಂದೆ ಬಿಳಿ ಜೀಪು ನಿಂತಿತ್ತು. ಅಂಗಳದ ಮಂಚದ ಮೇಲೆ ಮೀಸೆಯವನೂ ಇನ್ನೊಬ್ಬನೂ ಕೂತಿದ್ದರು. ಅಜ್ಜಿಯ ಮಗ ಬಾಗಿಲಿಗೆ ಬಂದು ನಮಸ್ಕಾರ ಮಾಡಿ ನೀರು ಕೊಟ್ಟ. ಮಾತಾಜಿಯ ಪುಸ್ತಕ ಹಿಂದಿರುಗಿಸಲು ಬಂದಿದ್ದೇವೆ ಎಂದು ಸರ್ ಹೇಳಿದಾಗ ಅವನ ಮುಖ ಒಂದು ಕ್ಷಣ ಖಾಲಿಯಾಗಿ, ಮತ್ತೆ ತುಂಬಿಕೊಂಡಿತು. ಅಮ್ಮ ತವರಿಗೆ ಹೋಗಿದ್ದಾಳೆ, ನಾಳೆ ಸಂಜೆ ಬರುತ್ತಾಳೆ, ನನಗೆ ಕೊಡಿ ಎಂದ. ಬೆಳಿಗ್ಗೆ ಕಂಡವಳು ಮಧ್ಯಾಹ್ನದೊಳಗೆ ತವರಿಗೆ ಹೋದದ್ದು ಹೇಗೆ ಎಂದು ನನಗೆ ಅನ್ನಿಸಿತು. ಸರ್‌ಗೂ ಅನ್ನಿಸಿರಬೇಕು. ಅವರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು.

"ಏನಮ್ಮ, ಕೊಡೋದೋ ಬೇಡ್ವೋ? ನೀವು ಇಲ್ಲಿ ಬಂದು ಹೋಗಿದ್ದೀರಿ, ನಿಮಗೆ ಗೊತ್ತು."

ಆ ಅಂಗಳದಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಕೊಡಬೇಡಿ ಸರ್, ಇವನೇ ಅದನ್ನು ಹುಡುಕುತ್ತಿರುವವನು ಎಂದು ನಾನು ಎಲ್ಲರೆದುರು ಗಟ್ಟಿಯಾಗಿ ಹೇಳಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಮೀಸೆಯವನು ನನ್ನನ್ನು ನೋಡಿ ಪರಿಚಯದ ನಗು ನಕ್ಕ. ನನ್ನ ಸೆಕ್ಟರ್ ನಂಬರು ಅವನ ಹತ್ತಿರವಿತ್ತು.

"ಕೊಟ್ಟುಬಿಡೋಣ ಸರ್," ಎಂದೆ.

ಸರ್ ಮಂಚದ ತುದಿಯಲ್ಲಿ ಕೂತು ನೂರ ಹನ್ನೆರಡು ಪುಟಗಳನ್ನು ಕನ್ನಡದಲ್ಲಿ ಒಂದೊಂದಾಗಿ ಎಣಿಸಿದರು. ಪುಟ ತಿರುಗಿಸುವಾಗ ಅವರು ಉಸಿರು ಹಿಡಿಯುವುದನ್ನು ನೋಡಿ ಆ ಇಬ್ಬರು ನಕ್ಕರು. ಎಣಿಸಿ ಮುಗಿಸಿ ರಸೀದಿಗೆ ಮಗನಿಂದ ಸಹಿ ಹಾಕಿಸಿಕೊಂಡು, ಮಡಿಸಿ ಒಳಜೇಬಿಗೆ ಇಟ್ಟು, ಬೀದಿಗೆ ಬಂದ ಮೇಲೂ ಎರಡು ಸಲ ಮುಟ್ಟಿ ನೋಡಿಕೊಂಡರು. ಈಗ ನಿರುಮ್ಮಳ ಎಂದರು. ನಾನೂ ತಲೆಯಾಡಿಸಿದೆ.

ನಾಲ್ಕು ದಿನ ಬಿಟ್ಟು ಸರ್ ಇನ್ನೊಂದು ಹಳ್ಳಿಗೆ ಹೋಗಿದ್ದಾಗ, ಮನಸ್ಸು ತಡೆಯದೆ ನಾನೊಬ್ಬಳೇ ಅಜ್ಜಿಯನ್ನು ನೋಡಲು ಹೋದೆ. ಕೊಟ್ಟಿಗೆಯ ಮುಂದೆ ಕೂತಿದ್ದಳು. ಆ ತೆಳು ಹಗ್ಗ ಅವಳ ಕೈಗೆ ಸುತ್ತಿಕೊಂಡೇ ಇತ್ತು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ತಿಳಿಯದವಳ ಹಾಗೆ ಕೇಳಿದಳು.

"ಯಾಕೆ ವಾಪಸ್ಸು ತಂದೆ ಬೇಟಿ? ನಾನು ಹಗ್ಗ ಇಟ್ಟುಕೊಂಡಿದ್ದೆನಲ್ಲ."

ಅವಳೇ ಬಿಡಿಸಿ ಹೇಳಿದಳು: ಮನೆಯ ಎಮ್ಮೆಯನ್ನು ಬೇರೆಯವರಿಗೆ ಕೊಡುವಾಗ ಹಗ್ಗವನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಹಗ್ಗ ಉಳಿಸಿಕೊಂಡರೆ ಎಮ್ಮೆ ಹೋಯಿತೆಂದು ಅರ್ಥ, ಅದು ಇನ್ನು ಕೊಂಡವರದು, ಸಾಕುವುದೂ ಕಾಯುವುದೂ ಅವರ ಜವಾಬ್ದಾರಿ. ಅವಳು ಪುಸ್ತಕವನ್ನು ನನಗೆ ಕೊಟ್ಟದ್ದು ಹಾಗೆ, ವಿಚಾರಣೆಯ ದಿನದ ತನಕ ಸರ್ ಅವರ ಕಬ್ಬಿಣದ ಬೀರುವಿನಲ್ಲಿ ಭದ್ರವಾಗಿರಲಿ ಎಂದು. ನಾವು ಬಂದ ಹೊತ್ತಿಗೆ ಅವಳು ಕೆರೆಯಲ್ಲಿ ಎಮ್ಮೆ ಮೀಯಿಸುತ್ತಿದ್ದಳು. ಪುಸ್ತಕವೇ ಬಂದಿಲ್ಲ ಎಂದು ಮಗ ಹೇಳುತ್ತಿದ್ದಾನೆ. ಒಲೆಯಲ್ಲಿ ಬಟ್ಟೆಯ ಅಂಚು ಸಿಕ್ಕಿತು ಎಂದು ಹೇಳಿ ಅವಳು ನನ್ನ ತಲೆ ಸವರಿದಳು. ಅವಳು ಬೈದಿದ್ದರೆ ಇಷ್ಟು ವರ್ಷ ನನಗೆ ಅದು ನೆನಪಿರುತ್ತಿರಲಿಲ್ಲ.

ನಾನು ಸರ್‌ಗೆ ಅರ್ಧ ಹೇಳಿದೆ: ಪುಸ್ತಕ ಅಜ್ಜಿಯ ಕೈ ಸೇರಿಲ್ಲ, ಮಗ ಸುಟ್ಟನಂತೆ ಎಂದು. ಹಗ್ಗದ ಮಾತು ಎತ್ತಲಿಲ್ಲ. ಅವರು ಒಳಜೇಬಿನಿಂದ ರಸೀದಿ ತೆಗೆದು ಬೆಳಕಿಗೆ ಹಿಡಿದು ಓದಿದರು. ಅದರ ಮೇಲಿದ್ದ ಹೆಸರು ಆ ಮನೆಯವರಲ್ಲಿ ಯಾರದೂ ಅಲ್ಲ. ಪುಟ ಎಣಿಸುವುದರಲ್ಲಿ ಮುಳುಗಿದ್ದವರು ಹೆಸರನ್ನು ಓದಿರಲಿಲ್ಲ. ರಸೀದಿ ನೆಲಕ್ಕೆ ಬಿತ್ತು. ಅವರ ಕೈಯಿಂದ ಕಾಗದ ಬಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಬಾರಿ.

ಟ್ರಸ್ಟಿನವರು ವಿವರಣೆ ಕೇಳಿದಾಗ ಸರ್, ಪುಸ್ತಕವನ್ನು ಹಿಂದಿರುಗಿಸಿದ್ದು ನನ್ನ ತೀರ್ಮಾನ, ಜವಾಬ್ದಾರಿ ನನ್ನದು ಎಂದು ಬರೆದುಕೊಟ್ಟು ತಿಂಗಳ ಕೊನೆಗೆ ಕೆಲಸ ಬಿಟ್ಟರು. ವಿಚಾರಣೆಯ ದಿನ ನಲವತ್ತೊಂದು ಪುಟಗಳ ಪ್ರಿಂಟು ಹಿಡಿದು ಅಜ್ಜಿಯ ಜೊತೆ ತಹಸೀಲಿಗೆ ಅವರೇ ಹೋದರಂತೆ. ಮೂಲವಿಲ್ಲದ ನಕಲು ನಡೆಯುವುದಿಲ್ಲ ಎಂದರಂತೆ ಅಲ್ಲಿ. ಪುಸ್ತಕವಿದ್ದಿದ್ದರೆ ಗೆಲ್ಲುತ್ತಿದ್ದರೇ, ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ಹೇಳಿಕೊಂಡೇ ಎಷ್ಟೋ ಸಲ ನಿದ್ದೆ ಮಾಡಿದ್ದೇನೆ. ಮುಂದಿನ ವರ್ಷ ಆ ಬಯಲಿಗೆ ಬೇಲಿ ಬಿತ್ತು, ಅದರ ಮುಂದಿನ ವರ್ಷ ಗೋದಾಮು ಎದ್ದಿತು. ಅಜ್ಜಿ ಎಮ್ಮೆಗಳನ್ನೆಲ್ಲ ಕೊಟ್ಟುಬಿಟ್ಟಳೆಂದು ಕೇಳಿದೆ. ನನಗೆ ಇಂಟರ್ನ್‌ಶಿಪ್ಪಿನ ಸರ್ಟಿಫಿಕೇಟು ಬಂತು.

ಅಲ್ಲಿಂದ ಪ್ರತಿ ಯುಗಾದಿಗೆ ಸರ್ ಫೋನು ಮಾಡುತ್ತಿದ್ದರು. ನಾನು ಹಲೋ ಎನ್ನುವ ಮೊದಲೇ ನನ್ನ ಎದೆ ಹಗ್ಗ ಎಲ್ಲಮ್ಮ ಎಂಬ ಪ್ರಶ್ನೆಗೆ ಸಿದ್ಧವಾಗುತ್ತಿತ್ತು. ಅವರು ಕೇಳುತ್ತಿದ್ದದ್ದು ಅಪ್ಪನ ಮಂಡಿನೋವು, ನನ್ನ ಕೆಲಸ, ಬೇವು ಬೆಲ್ಲ ತಿಂದಿರಾ ಎಂದು. ನೀವು ಎಂದೇ ಮಾತಾಡಿಸುವರು. ಒಂದು ಮಾತು ಮಾತ್ರ ಆ ಫೋನುಗಳಲ್ಲಿ ಎಂದೂ ಬರಲಿಲ್ಲ. ಭಯ ಇರಬೇಕಮ್ಮ ಎಂದು ಅವರು ಮತ್ತೆ ನನಗೆ ಹೇಳಲಿಲ್ಲ. ಅದನ್ನು ಗಮನಿಸಿದ್ದು ಈಗ, ಅವರಿಲ್ಲದ ಮೇಲೆ.

ಜನಕಪುರಿಯ ಮನೆಯಲ್ಲಿ ಮಗಳು ಒಬ್ಬಳೇ ಕಪಾಟು ಖಾಲಿ ಮಾಡುತ್ತಿದ್ದಳು. ದೆಹಲಿಯಲ್ಲೇ ಹುಟ್ಟಿ ಬೆಳೆದವಳು, ಕನ್ನಡ ತಡೆದು ತಡೆದು ಬರುತ್ತದೆ. "ಪಪ್ಪಾ ಲಾಸ್ಟ್ ವೀಕ್ ಹೇಳಿದ್ರು, ಯೆಹ್ ರಿಜಿಸ್ಟರ್ ನಿಮಗೇ ಕೊಡಬೇಕು ಅಂತ. ಔರ್ ಕಿಸೀಕೋ ನಹೀ," ಎಂದಳು, ಬೇರೆ ಯಾರಿಗೂ ಅಲ್ಲವಂತೆ. ಟ್ರಸ್ಟು ಮುಚ್ಚಿ ಎಲ್ಲವನ್ನೂ ರದ್ದಿಗೆ ಹಾಕುವಾಗ ಅವರು ಹೋಗಿ ಎತ್ತಿಕೊಂಡು ಬಂದಿದ್ದರಂತೆ. ಆವಕ ರಿಜಿಸ್ಟರ್. ಕನ್ನಡಕ ಹಾಕಿಕೊಂಡು ಆಗಾಗ ಒಂದೇ ಪುಟ ತೆಗೆದು ನೋಡುತ್ತಿದ್ದರು ಎಂದೂ ಹೇಳಿದಳು. ಬಸ್ಸಿನಲ್ಲಿ ಅದನ್ನು ಬಿಚ್ಚುವ ಧೈರ್ಯ ನನಗಾಗಲಿಲ್ಲ.

ಮನೆಗೆ ಬಂದು ಬಿಚ್ಚಿದೆ. ಪುಟ ತಾನಾಗೇ ತೆರೆದುಕೊಂಡಿತು. ಪುಸ್ತಕ ಒಂದು, ಬಟ್ಟೆ ಒಂದು. ಅವರು ಖಾಲಿ ಬಿಟ್ಟಿದ್ದ ಷರಾ ಕಾಲಮ್ಮಿನಲ್ಲಿ ಬೇರೆ ಶಾಯಿಯಲ್ಲಿ, ನಾನು ಅವರಿಗೆ ಅರ್ಧ ಹೇಳಿದ ದಿನದ ಮಾರನೇ ದಿನದ ತಾರೀಕು ಹಾಕಿ, ಬರೆದಿದ್ದರು: ಹಗ್ಗ ಯಜಮಾನಿಯ ಕೈಯಲ್ಲಿದೆ, ನೋಡಿ ಬಂದೆ. ಬೇಕೆಂದೇ ಇಟ್ಟುಕೊಂಡದ್ದು. ಕೊಟ್ಟ ದನದ ಹಗ್ಗ ಮನೆಯಲ್ಲೇ ಉಳಿಯತಕ್ಕದ್ದು, ನಮ್ಮ ಕಡೆಯೂ ಹೀಗೇ.

ಅವರಿಗೆ ಮರುದಿನವೇ ಗೊತ್ತಾಗಿತ್ತು. ನಾನು ನಿಜ ಹೇಳಿದ್ದರೆ ಹಗ್ಗದ ಮಾತು ಕೇಳಿದ ಕ್ಷಣವೇ ಅವರಿಗೆ ಎಲ್ಲ ಅರ್ಥವಾಗುತ್ತಿತ್ತು, ಬೀರುವಿಗೆ ಬೀಗ ಹಾಕುತ್ತಿದ್ದರು. ಅಷ್ಟು ಯುಗಾದಿಗಳ ಬೇವು ಬೆಲ್ಲದ ಮಾತೂ ಇದನ್ನು ತಿಳಿದೇ ಆಡಿದ್ದು.

ಆಮೇಲೆ ಇನ್ನೊಂದು ಕಾಲಮ್ಮು ಕಣ್ಣಿಗೆ ಬಿತ್ತು, ವಸ್ತುವನ್ನು ತಂದವರು ಯಾರು ಎಂಬುದು. ಅಲ್ಲಿ ಅವರು ನನ್ನೆದುರೇ ನನ್ನ ಹೆಸರು ಬರೆದಿದ್ದರು, ನನಗೆ ಚೆನ್ನಾಗಿ ನೆನಪಿದೆ. ಈಗ ಅಲ್ಲಿ ಬೆರಳಗಲದ ಕಾಗದದ ಚೀಟಿ ಅಂಟಿಸಿ, ಅದರ ಮೇಲೆ ಅವರದೇ ಹೆಸರಿತ್ತು. ರಿಜಿಸ್ಟರಿನಲ್ಲಿ ಒಂದು ಅಂಕಿಯನ್ನೂ ತಿದ್ದಲು ಬಿಡದ ಮನುಷ್ಯ, ಡಿಲೀಟ್ ಬಟನ್ನಿಗೆ ಮುಚ್ಚಳ ಹಾಕಿದ ಮನುಷ್ಯ. ಅದನ್ನು ಅಂಟಿಸುವ ಮೊದಲು ಅವರು ಎಷ್ಟು ಸಲ ಕೈ ತೊಳೆದಿರಬೇಕು ಎಂದು ನೆನೆದು ಅತ್ತೆ. ಚೀಟಿಯ ಅಂಚು ಒಂದು ಕಡೆ ಸ್ವಲ್ಪ ಹಳದಿಯಾಗಿ ಮೇಲೆದ್ದಿತ್ತು. ಗೋಂದಲ್ಲ, ಮೈದಾ.

ಎದ್ದು ಹೋಗಿ ಕೈ ತೊಳೆದೆ. ಒಣಗುವ ತನಕ ಎದೆಯ ಮುಂದೆ ಹಿಡಿದು ಕಾದೆ. ಹತ್ತಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಚೀಟಿಯ ಮೇಲೆ ಇಟ್ಟು, ಅವರು ಕಲಿಸಿದಷ್ಟು ಹೊತ್ತು ಬಿಟ್ಟೆ. ಬಹಳ ಹೆದರಿಕೆಯಾಗುತ್ತಿತ್ತು. ಉಸಿರು ಬಿಗಿ ಹಿಡಿದು ಅಂಚನ್ನು ಮೆಲ್ಲಗೆ ಎತ್ತಿದೆ. ಚೀಟಿ ಹರಿಯದೆ ಇಡಿಯಾಗಿ ಬಿಟ್ಟುಕೊಂಡು ಬಂತು. ಅಡಿಯಲ್ಲಿ ನನ್ನ ಹೆಸರು ಸ್ವಲ್ಪವೂ ಅಳಿಸಿರಲಿಲ್ಲ.